ರಾಗಿ ಡಬ್ಬದಲ್ಲಿದ್ದ ಪಿನಿಯನ್

ಚಂದನಾ, ತೇಜೂ — ಅವತ್ತು ರೇಸಿನಲ್ಲಿ ಜೀಪಿನ ಪಿನಿಯನ್ ಮುರಿದದ್ದು ನಿಮ್ಮ ಚಿಕ್ಕತಾತ ಶಿವಣ್ಣನ ಕಾಲಿನಿಂದಲ್ಲ. ನನ್ನ ಕೈಯಿಂದ. ಆಮೇಲೆ, ತೆರೆಯಬೇಕಾದಾಗ ತೆರೆಯದ ನನ್ನ ಬಾಯಿಂದ.

ಹೋದ ಭಾನುವಾರ ಹೊಳೆನರಸೀಪುರದಲ್ಲಿ ಅವನ ಮನೆಯಲ್ಲೇ ಊಟಕ್ಕೆ ಕುಳಿತು, ತೇಜು, ನೀನು ಅಂದೆ: “ಚಿಕ್ತಾತ, ನನ್ ಬೈಕ್ ಮಾತ್ರ ಮುಟ್ಬೇಡಿ, ಕ್ಲಚ್ ಓಯ್ತದೆ!” ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದೆ. ‘ಕ್ಲಚ್ ಶಿವಣ್ಣ’ — ನಿಮ್ಮ ಅಪ್ಪ ಹುಟ್ಟುವ ಮೊದಲಿನ ಹೆಸರು ಅದು. ಹೇಗೆ ಬಂತೆಂದು ಈಗ ಹೇಳುತ್ತೇನೆ.

ಚನ್ನರಾಯಪಟ್ಟಣದಲ್ಲಿ ನಿಮ್ಮ ತಾತನಿಗೆ ಜೀಪು ರಿಪೇರಿಯ ಗ್ಯಾರೇಜಿತ್ತು. ಮನೆ ಹಿಂದೆ, ಗ್ಯಾರೇಜು ಮುಂದೆ. ಗಂಡಸರು ಇಲ್ಲದ ಹೊತ್ತಿನಲ್ಲಿ ನಾನು ಹೋಗಿ ಬಿಚ್ಚಿಟ್ಟ ಸಾಮಾನುಗಳನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿಡುತ್ತಿದ್ದೆ. ಏಳನೇ ತರಗತಿ ಓದಿದವಳು ನಾನು. ಆದರೆ ಜೀಪಿನ ಹಿಂದಿನ ಎರಡು ಗಾಲಿಗಳ ನಡುವಿನ ಗುಂಡು ಪೆಟ್ಟಿಗೆಯೊಳಗೆ ಏನಿದೆ ಎಂದು ನಿಮ್ಮ ತಾತ ಒಮ್ಮೆ ತೋರಿಸಿದಾಗ ಮೈ ಜುಮ್ಮೆಂದಿತು. ಎಂಜಿನ್ನಿನ ಬಲವೆಲ್ಲ ಪಿನಿಯನ್ ಎಂಬ ಒಂದು ಸಣ್ಣ ಹಲ್ಲಿನ ಚಕ್ರಕ್ಕೆ ಬರುತ್ತದೆ. ಅದು ಪಕ್ಕದ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಕ್ರೌನಿನ ಮಡಿಲಲ್ಲಿ ಇನ್ನೂ ನಾಲ್ಕು ಪುಟ್ಟ ಗಿಯರುಗಳು — ತಿರುವಿನಲ್ಲಿ ಹೊರಗಿನ ಗಾಲಿಗೆ ಹೆಚ್ಚು, ಒಳಗಿನ ಗಾಲಿಗೆ ಕಡಿಮೆ, ಜಗಳವಿಲ್ಲದೆ ಹಂಚುವುದಕ್ಕೆ! ಅಷ್ಟು ಭಾರದ ಗಾಡಿ ಯಾವ ಕ್ಷಣದಲ್ಲೂ ಎರಡು ಮೂರು ಹಲ್ಲುಗಳ ಮೇಲೆ ನಿಂತಿರುತ್ತದೆ ಎಂದರೆ... ಈಗಲೂ ನಂಬಲಾಗುವುದಿಲ್ಲ.

ಆ ವರ್ಷ ಹಾಸನದ ಹೊರಗೆ, ಇನ್ನೂ ವಾಹನ ಬಿಡದ ಹೊಸ ರಸ್ತೆಯಲ್ಲಿ, ಕಾಲು ಮೈಲಿಯ ಜೀಪ್ ರೇಸು. ಎರಡೆರಡೇ ಗಾಡಿ, ನೆಟ್ಟಗೆ ಓಟ. ನಮ್ಮ ಜೀಪು ಓಡಿಸುವವನು ಅಣ್ಣನ ಜೊತೆ ಗ್ಯಾರೇಜಿನಲ್ಲೇ ಕೆಲಸಕ್ಕಿದ್ದ ಶಿವಣ್ಣ. ನಿಮ್ಮ ತಾತ ಹನ್ನೊಂದು ಹಲ್ಲಿನ ಪಿನಿಯನ್ ತೆಗೆದು ಎಂಟು ಹಲ್ಲಿನದು ಹಾಕಲು ಹೊರಟರು. “ಹಲ್ಲು ಕಮ್ಮಿ ಆದಷ್ಟೂ ಎಳೆತ ಜಾಸ್ತಿ ಕಣೇ. ಕೊನೇಲಿ ಓಟ ಕಮ್ಮಿ ಆಯ್ತದೆ, ಆಗ್ಲಿ. ಕಾಲು ಮೈಲಿಗೆ ಮೊದ್ಲು ಎಗರಿದೋನೇ ಗೆಲ್ಲೋದು. ಆದ್ರೆ ಕ್ಲಚ್ಚ ದಡಕ್ಕಂತ ಬುಟ್ರೆ ಈ ಚಿಕ್ಕದ್ರ ಮೇಲೆ ಬೀಳೋ ಏಟು ಐತಲ್ಲ...” ಎಂದು ಪಿನಿಯನ್ನನ್ನು ಅಂಗೈಯಲ್ಲಿ ಹೊರಳಿಸಿದರು.

ಕ್ರೌನ್, ಪಿನಿಯನ್ ಎರಡರ ಹೊಸ ಜೋಡಿಯನ್ನು ಕೂರಿಸಿ, ಹಲ್ಲಿಗೆ ನೀಲಿ ಬಣ್ಣ ಹಚ್ಚಿ, ಹಲ್ಲು ಹಲ್ಲಿಗೆ ಸರಿಯಾಗಿ ತಾಗುತ್ತದೆಯೇ ಎಂದು ನೋಡಿ ತೃಪ್ತಿಪಟ್ಟರು. ಮತ್ತೆ ಬಿಚ್ಚಿದರು. ಪೂಜೆಯಾಗದ ಹೊಸ ಸಾಮಾನನ್ನು ರಸ್ತೆಗಿಳಿಸುವ ಪದ್ಧತಿ ನಮ್ಮಲ್ಲಿರಲಿಲ್ಲ, ಮರುದಿನವೇ ಆಯುಧಪೂಜೆ. ಅರಕಲಗೂಡಿನ ಗಿರಾಕಿಯೊಬ್ಬರ ಜೀಪಿಗೆ ತಂದ ಇನ್ನೊಂದು ಜೋಡಿಯೂ ಅಲ್ಲಿತ್ತು. ಎರಡನ್ನೂ ಬೇರೆ ಬೇರೆ ದಾರದಲ್ಲಿ ಕಟ್ಟಿ ನನಗೆ ಕೊಟ್ಟರು.

ನಾನು ದಾರ ಬಿಚ್ಚಿದೆ. ತೊಳೆದೆ. ಬಾಳೆಲೆಯ ಮೇಲೆ ಅಂದವಾಗಿ ಕಾಣಲೆಂದು ಕ್ರೌನುಗಳನ್ನು ಒಂದು ಸಾಲು, ಪಿನಿಯನ್ನುಗಳನ್ನು ಒಂದು ಸಾಲು ಇಟ್ಟೆ. ಕುಂಕುಮ, ಸೇವಂತಿಗೆ. ಪೂಜೆ ಮುಗಿದ ಮೇಲೆ ಹಲ್ಲು ಎಣಿಸಿದೆ — ಎರಡು ಪಿನಿಯನ್ನಿಗೂ ಎಂಟು, ಎರಡು ಕ್ರೌನಿಗೂ ನಲವತ್ತೊಂದು. ಲೆಕ್ಕ ಒಂದೇ ಎಂದು ಕೈಗೆ ಸಿಕ್ಕ ಹಾಗೆ ಜೋಡಿ ಕಟ್ಟಿಟ್ಟೆ.

ರೇಸಿನ ಬೆಳಿಗ್ಗೆ ಹಾಸನದಿಂದ ಬಂದ ಗಂಡಸರು ಗ್ಯಾರೇಜು ತುಂಬ ನಿಂತಿದ್ದರು. ಮೊದಲೇ ನೋಡಿದ್ದೇನಲ್ಲ ಎಂದು ನಿಮ್ಮ ತಾತ ನೀಲಿ ಹಚ್ಚದೆ ಅವಸರದಲ್ಲಿ ಕೂರಿಸುತ್ತಿದ್ದರು. ನಾನು ಕಾಫಿ ತಂದೆ. ಬೆಂಚಿನ ಮೇಲೆ ಅರಕಲಗೂಡಿನ ಜೋಡಿ. ಕುಂಕುಮದ ಕೆಳಗೆ ಕ್ರೌನಿನ ಮೇಲೆ ಕೊರೆದ ನಂಬರು ೨೧೪. ಪಿನಿಯನ್ ಮೇಲೆ ೩೭೧. ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತೆ. ಅವರು ಒಮ್ಮೆ ಹೇಳಿದ್ದರು — ಇವೆರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ ಒಂದೇ ನಂಬರು ಕೊಟ್ಟಿರುತ್ತಾರೆ, ಅಗಲಿಸಬಾರದು ಎಂದು. ಕೇಳಿದ್ದೆ. ಮರೆತಿದ್ದೆ. ಇದು ಅದಲುಬದಲಾಗಿದ್ದರೆ ಅವರು ಕೂರಿಸುತ್ತಿದ್ದ ಜೋಡಿಯೂ ಅದಲುಬದಲೇ.

ನಿಮ್ಮ ತಾತ ಕತ್ತೆತ್ತಿ ಕೇಳಿದರು: “ಏನೇ?”

ಅಷ್ಟು ಜನ ಗಂಡಸರು ನನ್ನನ್ನೇ ನೋಡಿದರು. ನಾನು ಅಂದೆ: “ಕಾಫಿ.”

ಅಷ್ಟೇ. ಆ ಒಂದು ಮಾತು.

ಬಾವುಟ ಇಳಿದಾಗ ನಾನು ರಸ್ತೆ ಬದಿಯಲ್ಲಿ ಹೆಂಗಸರ ನಡುವೆ ಇದ್ದೆ. ಜೀಪು ಮೂಗೆತ್ತಿ ಹಾರಿದ ರೀತಿ! ನಮ್ಮ ಹಿತ್ತಿಲಲ್ಲಿ ತೊಳೆದ ಕಬ್ಬಿಣವೇ ಇದು ಎಂದು ಬಾಯಿ ಬಿಟ್ಟೆ — ಮುಚ್ಚುವುದರೊಳಗೆ ಬಂಡೆ ಸೀಳಿದಂಥ ಸದ್ದು. ಇನ್ನೊಂದು ಜೀಪು ಮುಂದೆ ಹೋಯಿತು. ನಮ್ಮದು ಎಣ್ಣೆ ಸುರಿಸುತ್ತ ನಿಂತಿತು.

“ಅಣ್ಣ, ದೇವ್ರಾಣೆ, ಕ್ಲಚ್ಚ ಮೆತ್ಗೇ ಬುಟ್ಟೆ ಕಣಣ್ಣ!”

“ಮುಚ್ಚಲಾ ಬಾಯಿ! ಒದ್ದಂಗೆ ಬುಟ್ಟು ಹಲ್ಲೆಲ್ಲ ಉದುರಿಸ್ಬುಟ್ಟು... ಇನ್ಮೇಲೆ ನನ್ ಗಾಡಿ ಮುಟ್ಟೀಯ, ನೋಡು!”

ಗುಂಪಿನಲ್ಲಿ ಯಾರೋ ಕೂಗಿದರು: “ಕ್ಲಚ್ ಶಿವಣ್ಣಂಗೆ ಜೈ!”

ಅವರು ವಾಪಸ್ಸು ಬರುವ ಮೊದಲೇ ನಾನು ಮನೆ ಸೇರಿದೆ. ಹೊಂದದ ನಂಬರು ಯಾರ ಕಣ್ಣಿಗೂ ಬೀಳದಿರಲೆಂದು ಬೆಂಚಿನ ಮೇಲಿದ್ದ ೩೭೧ ನಂಬರಿನ ಪಿನಿಯನ್ ತೆಗೆದು ರಾಗಿ ಡಬ್ಬದಲ್ಲಿ ಹೂತೆ. ನಿಮ್ಮ ತಾತ ಹುಡುಕಿ, ಗುಜರಿಗೆ ಹೋಗಿರಬೇಕೆಂದುಕೊಂಡು ಬಿಟ್ಟರು. ನಾಚಿಕೆಯಿಂದ ಮಾತಾಡದೆ ಹೋದದ್ದು ಒಂದು. ಇದನ್ನು ಬೇಕೆಂದೇ ಮಾಡಿದೆ.

ಶಿವಣ್ಣ ಗ್ಯಾರೇಜು ಬಿಟ್ಟು ಬಸ್ಸಿನ ಡ್ರೈವರಾದ. ಬಹಳ ವರ್ಷಗಳ ಮೇಲೆ ಒಮ್ಮೆ ರುದ್ರಪಟ್ಟಣಕ್ಕೆ ಹೋಗುವಾಗ ಅವನದೇ ಬಸ್ಸು ಹತ್ತಿದೆ. ಮಡಿಲಲ್ಲಿ ಬಾಯಿತನಕ ಮಜ್ಜಿಗೆಯ ಪಾತ್ರೆ. ಏರಿನಲ್ಲಿ ನಿಲ್ಲಿಸಿ, ತುಂಬಿದ ಬಸ್ಸನ್ನು ಅವನು ಮತ್ತೆ ಹೊರಡಿಸಿದ — ಮಜ್ಜಿಗೆ ತುಳುಕಲಿಲ್ಲ. ನಾನು ಅವನ ಎಡಗಾಲನ್ನೇ ನೋಡಿದೆ. ಹೂವಿನ ಮೇಲಿಂದ ಚಿಟ್ಟೆ ಏಳುವ ಹಾಗೆ ಮೇಲೆದ್ದಿತು ಆ ಕಾಲು. ಅಂಥ ಕಾಲು ಒದ್ದಿತ್ತೆ?

ಇಳಿಯುವಾಗ ಹೊಗಳಿದೆ. ಅವನೆಂದ: “ಅವತ್ತಿಂದ ನನ್ ಕಾಲು ನಂಗೇ ನಂಬ್ಕೆ ಇಲ್ಲ ಅತ್ಗೆಮ್ಮ. ದಿನಾ ಪರೀಕ್ಷೆ ಮಾಡ್ಕತೀನಿ.”

ಆಗಲೂ ನಾನು... ಸೆರಗು ಸರಿಮಾಡಿಕೊಂಡು ಇಳಿದೆ.

ಜೋಡಿ ಸರಿಯಿದ್ದಿದ್ದರೂ ಆ ಸಣ್ಣ ಪಿನಿಯನ್ ಮುರಿಯುತ್ತಿತ್ತೇನೋ ಎಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡೆ. ಮುರಿದಿರಬಹುದು. ಆದರೆ ಆಗ ಯಾರೂ ಇನ್ನೊಂದು ಪಿನಿಯನ್ನನ್ನು ರಾಗಿಯಲ್ಲಿ ಹೂಳಬೇಕಾಗಿರಲಿಲ್ಲ. ನಿಮ್ಮ ತಾತ ತಮ್ಮನನ್ನು ತಪ್ಪಾಗಿ ತಿಳಿದೇ ಹೋದರು. ಅದನ್ನು ಸರಿಮಾಡಲು ನನಗಿನ್ನು ದಾರಿಯಿಲ್ಲ.

ಬರುವ ಭಾನುವಾರ ನನ್ನನ್ನು ಹೊಳೆನರಸೀಪುರಕ್ಕೆ ಕರೆದುಕೊಂಡು ಹೋಗಿ. ಅವನ ಹೆಂಡತಿ ಮಕ್ಕಳೆಲ್ಲ ಇರುವಾಗಲೇ ಪಿನಿಯನ್ನನ್ನು ಅವನ ಕೈಗಿಟ್ಟು ಹೇಳುತ್ತೇನೆ. ಅಷ್ಟು ಜನರ ಮುಂದೆ ನನ್ನ ನಾಲಿಗೆ ಮತ್ತೆ “ಕಾಫಿ” ಅಂದುಬಿಟ್ಟರೆ, ಚಂದನಾ, ನೀನು ಎದ್ದು ನಿಂತು ಇದನ್ನು ಗಟ್ಟಿಯಾಗಿ ಓದು. ಆಮೇಲೆ ಈ ಹಾಳೆಗಳನ್ನು ಆ ಪಿನಿಯನ್ನಿನ ದಾರದಲ್ಲೇ ಕಟ್ಟಿ ಜೋಪಾನವಾಗಿಡಿ. ಇವೆರಡನ್ನೂ ಅಗಲಿಸಬೇಡಿ.