ಬಲಗಡೆಯ ಸ್ಟಾಪು

ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಮುನ್ನ ಒಂದು ಬೆಲ್ ಬಡಿಯುತ್ತದೆ. ಅದನ್ನು ಕೇಳಿ, ಕೈಯಲ್ಲಿರುವ ಪದ ಮುಗಿಸಿ, ಸಾಲು ತಿರುಗಿಸಬೇಕು. ಎಪ್ಪತ್ತರ ದಶಕದಲ್ಲಿ ಕೊಳ್ಳೇಗಾಲದ ವಕೀಲರೊಬ್ಬರ ಆಫೀಸಿನಲ್ಲಿ ನಾನು ಕನ್ನಡ ಟೈಪಿಸ್ಟ್ ಆಗಿದ್ದಾಗ ಆ ಬೆಲ್ ನನಗೆ ಕೇಳದೆ ಹೋಯಿತು. ಒಮ್ಮೆಲೇ ಅಲ್ಲ. ಚಿಕ್ಕಂದಿನಿಂದ ಸೋರುತ್ತಿದ್ದ ಕಿವಿ. ಮೊದಲು ಗುಬ್ಬಿಗಳು ಹೋದವು, ಆಮೇಲೆ ಬಳೆಯ ಸದ್ದು, ಆಮೇಲೆ ಬೆಲ್.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ಮನೆಯಲ್ಲಿ ಅಪ್ಪನ ಮಗ್ಗದ ಪಕ್ಕ ಕೂತು ರೇಷ್ಮೆ ನೂಲು ಸುತ್ತಬೇಕಿತ್ತು. ನಮ್ಮ ಬೀದಿಯಲ್ಲಿ ಆಫೀಸಿಗೆ ಹೋದ ಮೊದಲ ಹೆಣ್ಣು ನಾನು. “ನೋಡಾನ, ಎಷ್ಟು ದಿನ ಓಯ್ತಾಳೆ” ಎಂದಿದ್ದ ಆ ಬೀದಿಯ ಮುಂದೆ ವಾಪಸು ಬಂದು ರಾಟೆ ಹಿಡಿಯುವುದಕ್ಕಿಂತ ಬಾವಿ ವಾಸಿ ಅನ್ನಿಸುತ್ತಿತ್ತು.

ಉಪಾಯ ಹುಡುಕಿದೆ. ಬಲಗಡೆಯ ಮಾರ್ಜಿನ್ ಸ್ಟಾಪನ್ನು ಎರಡು ಬೆರಳಷ್ಟು ಒಳಕ್ಕೆ ಸರಿಸಿದೆ. ಅಲ್ಲಿಗೆ ಬಂದಾಗ ಯಂತ್ರ ಗಕ್ಕನೆ ನಿಂತುಬಿಡುತ್ತದೆ, ಅಕ್ಷರ ಬೀಳುವುದಿಲ್ಲ. ಆಗ ತಡೆ ಬಿಡಿಸುವ ಗುಂಡಿ ಒತ್ತಿ, ಪದ ಮುಗಿಸಿ, ಸಾಲು ತಿರುಗಿಸುತ್ತಿದ್ದೆ. ಕಿವಿ ಮಾಡಬೇಕಾದ ಕೆಲಸವನ್ನು ಬೆರಳು ಮಾಡುತ್ತಿತ್ತು.

ತೊಂದರೆ ಎಂದರೆ ನಮ್ಮ ಆಫೀಸಿನ ಗುಮಾಸ್ತರು, ಹನೂರಿನವರು. ಸಂಜೆ ನಾನು ಮನೆಗೆ ಹೋದ ಮೇಲೆ ಅವರೂ ಎರಡು ಬೆರಳಲ್ಲಿ ಕುಟ್ಟುತ್ತಿದ್ದರು. ಬೆಳಿಗ್ಗೆ ನೋಡಿದರೆ ಸ್ಟಾಪು ಹಳೆಯ ಜಾಗದಲ್ಲಿ ಇರುತ್ತಿತ್ತು.

“ಇದ್ಯಾಕವ್ವ ಇಲ್ಲಿಗೆ ತಂದು ಮಡಗೀಯೆ? ಮಿಷಿನ್ನು ಎಂಗ್ ಬಂತೋ ಅಂಗೇ ಇರ್ಬೇಕು ಕಣವ್ವ.”

“ನಿಮ್ ಎರಡು ಬೆರಳಿಗೆ ಎಲ್ಲಿದ್ರೇನಣ್ಣ?” ಎಂದು ನಾನು ಮತ್ತೆ ಒಳಕ್ಕೆ ತಳ್ಳುತ್ತಿದ್ದೆ. ಅವರು ಗೊಣಗುವುದನ್ನು ಬಿಡಲಿಲ್ಲ, ನಾನು ತಳ್ಳುವುದನ್ನು ಬಿಡಲಿಲ್ಲ.

ಕಕ್ಷಿದಾರರು ಹೇಳಿಕೆ ಕೊಡುವಾಗ ಅವರ ತುಟಿ ನೋಡಿ ಟೈಪ್ ಮಾಡುತ್ತಿದ್ದೆ. ನಮ್ಮ ಕಡೆಯವರ ಬಾಯಲ್ಲಿ ಹಕಾರವೇ ಇಲ್ಲದ್ದು ನನ್ನ ಪುಣ್ಯ. ಧನಗೆರೆಯ ಮುದುಕರೊಬ್ಬರು “ಅದು ಆಳ್ ಮನೆ ಸಾ” ಎಂದರೆ, ಆಳಿನ ಮನೆಯೋ ಹಾಳು ಬಿದ್ದ ಮನೆಯೋ, ಕಿವಿ ನೆಟ್ಟಗಿದ್ದ ವಕೀಲರೂ ಇನ್ನೊಮ್ಮೆ ಕೇಳಿಯೇ ತಿಳಿಯಬೇಕಿತ್ತು. ಹಾಗಾಗಿ ನಾನು ಎರಡೆರಡು ಸಲ ಕೇಳಿದರೂ ಯಾರಿಗೂ ಅನುಮಾನ ಬರಲಿಲ್ಲ. ಹುಡುಗಿ ಜಾಣೆ ಎಂದರು.

ಒಮ್ಮೆ ಜ್ವರ ಬಂದು ರಜೆ ಹಾಕಿದೆ. ವಾಪಸು ಬಂದ ದಿನ ಮಧ್ಯಾಹ್ನದವರೆಗೆ ಟೈಪ್ ಮಾಡಿದ ಮೇಲೆ, ವಕೀಲರ ಎದುರಿಗೇ ಗುಮಾಸ್ತರು ನಗುತ್ತ ಕೇಳಿದರು: “ಎಂಗದವ್ವ ಬೆಲ್ಲು? ರಿಪೇರಿಯವ್ನು ಬಂದಿದ್ದ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ. “ಮೊದ್ಲಿಗಿಂತ ಜೋರಾಗಿ ಬಡೀತದೆ ಅಣ್ಣ, ತಲೆನೋವು ಬರಂಗೆ” ಎಂದುಬಿಟ್ಟೆ.

ಗುಮಾಸ್ತರ ನಗು ಅರ್ಧಕ್ಕೆ ನಿಂತಿತು. ಯಂತ್ರದ ಹಿಂದಿನ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದರು. ರಿಪೇರಿಯವನು ಬೆಲ್ಲನ್ನೇ ಬಿಚ್ಚಿಕೊಂಡು ಮೈಸೂರಿಗೆ ಒಯ್ದಿದ್ದ.

ವಕೀಲರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ನಾನು ಎದುರಿಗೇ ಇದ್ದರೂ ನನಗೆ ಹೇಳದೆ ಗುಮಾಸ್ತರಿಗೆ ಹೇಳಿದರು: “ಪಾಪ, ಇನ್ಮೇಲೆ ಅವಳ ಕೈಲಿ ಹೇಳಿಕೆ ಬರೆಸೋದು ಬೇಡ. ನಕಲು ಮಾಡ್ಕೊಂಡು ಇರ್ಲಿ.” ಅವರ ತುಟಿ ನನಗೆ ಚೆನ್ನಾಗಿ ಕಾಣುತ್ತಿತ್ತು.

“ನಾನಿಲ್ಲೇ ಇವ್ನಿ ಸಾ” ಎಂದೆ. ಆ ‘ಪಾಪ’ದ ಬದಲು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಸ್ಟಾಪು ನಾನಿಟ್ಟ ಜಾಗದಲ್ಲೇ ಇತ್ತು. ಅದರ ಮರುದಿನವೂ. ಗುಮಾಸ್ತರು ಮತ್ತೆ ಅದನ್ನು ಮುಟ್ಟಲಿಲ್ಲ, ನನ್ನ ಜೊತೆ ಜಗಳಕ್ಕೂ ಬರಲಿಲ್ಲ. ಏನಾದರೂ ಬೇಕಿದ್ದರೆ ಎದುರಿಗೆ ಬಂದು, ಕೈ ಆಡಿಸಿ, ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಬೀದಿಯ ಮುಂದೆ ನಾನು ಸೋಲಲಿಲ್ಲ, ಆಫೀಸಿಗೆ ಹೋಗುತ್ತಲೇ ಇದ್ದೆ. ಆದರೆ ಪ್ರತಿ ಬೆಳಿಗ್ಗೆ ಯಂತ್ರದ ಮುಸುಕು ತೆಗೆಯುವಾಗ, ಆ ಸ್ಟಾಪು ಇವತ್ತಾದರೂ ಆಚೆಗೆ ಹೋಗಿರಲಿ ಎಂದು ಆಸೆಪಡುತ್ತಿದ್ದೆ.