ಕಾರ್‌ಪೂಲಿನಲ್ಲಿ ಮೊಘಲರು

ಕಳೆದ ಗುರುವಾರ ಬೆಳಿಗ್ಗೆ ಫ್ರೀಮಾಂಟಿನ ಟ್ರಾಫಿಕ್ಕಿನಲ್ಲಿ ಮೂರು ಸಾಮ್ರಾಜ್ಯಗಳು ನಮ್ಮ ಜೊತೆ ಸಿಕ್ಕಿಹಾಕಿಕೊಂಡಿದ್ದವು. ಆಟೊಮನ್, ಸಫವಿ, ಮೊಘಲ್. ಮೂರೂ ಒಂದೇ ಪೋಸ್ಟರಿನಲ್ಲಿ, ಹಿಂದಿನ ಸೀಟಿನಲ್ಲಿ, ನನ್ನ ಮಗಳು ಸಾನ್ವಿ ಮತ್ತು ಅವಳ ಗೆಳತಿ ಜೋಯಾಳ ತೊಡೆಯ ಮೇಲೆ.

ಏಳನೇ ಕ್ಲಾಸಿನ ಹಿಸ್ಟರಿ ಪ್ರಾಜೆಕ್ಟು. ಬಾಗ್ದಾದಿನ ಸುವರ್ಣಯುಗ ಮುಗಿದ ಮೇಲೆ ಈ ಸಾಮ್ರಾಜ್ಯಗಳು ಹೇಗೆ ಎದ್ದವು? (ಉತ್ತರ: ಮದ್ದುಗುಂಡು, ಫಿರಂಗಿ, ಮತ್ತು ಅಣ್ಣತಮ್ಮಂದಿರ ರಕ್ತ.) ಒಂದು ವಾರ ನಮ್ಮ ಡೈನಿಂಗ್ ಟೇಬಲ್ಲೇ ರಣರಂಗ. ನಮ್ಮ ಊಟ ಸೋಫಾದಲ್ಲಿ.

ಕಾರ್‌ಪೂಲಿನಲ್ಲಿ ಅಂದು ಮಕ್ಕಳನ್ನು ಶಾಲೆಗೆ ಬಿಡುವ ಸರದಿ ಪ್ರಶಾಂತನದು. ಬೆಂಗಳೂರಿನವನು, ಅವನ ಮಗನೂ ಇವರದೇ ಕ್ಲಾಸು. ಹುಡುಗ ಹೆಡ್‌ಫೋನಿನೊಳಗಿದ್ದ. ನನ್ನ ಕಾರು ಕೆಟ್ಟಿತ್ತು, ಹಾಗಾಗಿ ನಾನೂ ಮುಂದೆ ಕೂತಿದ್ದೆ.

ಸಿಗ್ನಲ್ಲಿನಲ್ಲಿ ನಿಂತಾಗ ಪ್ರಶಾಂತ ಕನ್ನಡಿಯಲ್ಲಿ ಪೋಸ್ಟರು ನೋಡಿ, ನನ್ನ ಕಡೆ ವಾಲಿ ಕನ್ನಡದಲ್ಲಿ ಶುರು ಮಾಡಿದ. ನಾವೆಲ್ಲ ಹಾಗೇ ತಾನೆ? ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಪಕ್ಕದವರ ಬಗ್ಗೆ ಏನಾದರೂ ಆಡಿಕೊಳ್ಳಬೇಕಾದರೆ ಈ ಪರದೇಶದಲ್ಲಿ ನಮಗೆ ಕನ್ನಡವೇ ಗತಿ.

"ನೋಡಿ ಮೇಡಂ, ಇವ್ರ ಪೂರ್ವಜರು ಮಾಡಿದ್ದಕ್ಕೆ ನಮ್ ಮಕ್ಕಳ ಕೈಲಿ ಬಣ್ಣ ಹಾಕಿಸ್ತಿದ್ದಾರೆ. ಎಷ್ಟು ದೇವಸ್ಥಾನ ಒಡೆದ್ರು ಅಂತ ಆ ಹುಡುಗಿ ಬರೆದಿರ್ತಾಳಾ? ಇವ್ರ ರಕ್ತಾನೇ ಅಂಥದ್ದು."

"ಸುಮ್ನಿರಿ, ಅವಳಿಗೆ ಕೇಳಿಸುತ್ತೆ" ಎಂದೆ.

"ಕೇಳಿಸಿದ್ರೇನು? ಅವರ ಮನೇಲಿ ಉರ್ದು. ಕನ್ನಡ ಎಲ್ಲಿ ಅರ್ಥ ಆಗುತ್ತೆ?"

ಹಿಂದಿನಿಂದ ಸಣ್ಣ ದನಿ ಬಂತು. "ನಂಗ ಕನ್ನಡ ತಿಳೀತೈತ್ರಿ ಅಂಕಲ್."

ಅಚ್ಚ ವಿಜಯಪುರದ ಕನ್ನಡ, ಅವಳ ಅಪ್ಪ ಅಮ್ಮನ ಊರಿನದು. ನನ್ನ ಸಾನ್ವಿಗೆ ಇಷ್ಟು ಬರುವುದಿಲ್ಲ. ಆಮೇಲೆ ಜೋಯಾ ಇಂಗ್ಲಿಷಿನಲ್ಲಿ, ಮೆಲ್ಲಗೆ, ಆಗ ತಾನಿನ್ನೂ ಹುಟ್ಟಿರಲಿಲ್ಲ ಎಂದಳು. ಪ್ರಶಾಂತ ರೇಡಿಯೊ ಹಾಕಿದ.

ದೇವಸ್ಥಾನ ಒಡೆದದ್ದು ನಿಜ. ಮಕ್ಕಳು ಅದನ್ನೂ ಓದಲಿ, ಬರೆಯಲಿ, ಮುಚ್ಚಿಡುವುದೇನೂ ಬೇಡ. ಆದರೆ ಜೋಯಾಳ ವಿಜಯಪುರಕ್ಕೆ ಮುತ್ತಿಗೆ ಹಾಕಿ, ಅಲ್ಲಿನ ಸುಲ್ತಾನರ ಆಳ್ವಿಕೆಯನ್ನೇ ಮುಗಿಸಿದ್ದೂ ಅದೇ ಮೊಘಲ್ ಸೈನ್ಯ. ಹನ್ನೆರಡು ವರ್ಷದ ಹುಡುಗಿ ಯಾವ ಕಡೆಯವರ ಪಾಪ ಹೊರಬೇಕು? ಇಳಿಯುವಾಗ ಪ್ರಶಾಂತನನ್ನು ಇದನ್ನೇ ಕೇಳಿದೆ. "ಜೋಕ್ ಮಾಡಿದ್ದು ಮೇಡಂ" ಎಂದ. (ಮಗುವಿನ ರಕ್ತದ ಬಗ್ಗೆ ಎಂಥ ಜೋಕು?)

ಮರುದಿನ ಜೋಯಾ ಕಾರ್‌ಪೂಲಿಗೆ ಬರಲಿಲ್ಲ. ಸೋಮವಾರವೂ ಇಲ್ಲ. ಸಂಜೆ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಅವಳ ತಾಯಿ ಸಲೀಮಾ ಬಾಗಿಲು ತೆರೆದು, ಕೂರಿಸಿ, ಚಹಾ ಕೊಟ್ಟಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಇರ್ಲಿ ಬಿಡ್ರಿ ಅಕ್ಕಾ. ಇನ್ನ ಮ್ಯಾಲೆ ಸಾಲಿಗೆ ನಾನ ಬಿಟ್ಟು ಬರ್ತೀನಿ. ಅಕಿಗೂ ಹೇಳೀನಿ, ಹೊರಗ ಕನ್ನಡ ತಿಳೀತೈತಿ ಅಂತ ತೋರಿಸ್ಕೋಬ್ಯಾಡ ಅಂತ. ತಿಳೀದವರಂಗ ಇದ್ರ ಮಾತು ಬೆಳಿಯಂಗಿಲ್ಲ."

ಕನ್ನಡ ಈ ದೇಶದಲ್ಲಿ ಉಳಿಯುತ್ತಿಲ್ಲ ಎಂದು ಪ್ರತಿ ನವೆಂಬರಿನಲ್ಲಿ ಮೈಕ್ ಹಿಡಿದು ಅಳುತ್ತೇವಲ್ಲ, ಈ ಹುಡುಗಿಯ ಬಾಯಿ ಮುಚ್ಚಿಸಿದ್ದು ಯಾವ ಸುಲ್ತಾನ?