ಹತ್ತನೇ ಮನೆಯ ಬೀಗ

ನಲವತ್ತೆರಡನೇ ವಯಸ್ಸಿನಲ್ಲಿ ನನ್ನ ನೋಟ್‌ಬುಕ್ಕಿನ ಮೇಲೆ ಕೆಂಪು ಶಾಯಿಯಲ್ಲಿ ‘ಸುಳ್ಳು’ ಅಂತ ಬರೆಸಿಕೊಂಡೆ. ಬರೆದವರು ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು.

ಬೇಕಿತ್ತಾ ನನಗೆ? ತಪ್ಪು ನಿಮ್ಮದೇ. ಈ ಅಂಕಣದಲ್ಲಿ ನಾನು ‘ಬಹಳಷ್ಟು ಜನ ಹೀಗನ್ನುತ್ತಾರೆ’ ಎಂದು ಬರೆದಾಗಲೆಲ್ಲ ನಿಮ್ಮಲ್ಲೊಬ್ಬರು ಕಾರ್ಡು ಹಾಕುತ್ತಿದ್ದರು: ‘ಬಹಳಷ್ಟು ಅಂದರೆ ಎಷ್ಟು?’ ನಾಲ್ಕನೇ ಕಾರ್ಡಿಗೆ ರೋಷ ಬಂತು. ಸಮಾಜದ ವಿಷಯ ಓದುವವರಿಗೆ ಗಣಿತ, ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುವ ಸಂಜೆ ಕ್ಲಾಸಿಗೆ ಸೇರಿಬಿಟ್ಟೆ. ಹೈಸ್ಕೂಲಿನಲ್ಲಿ ಹಳಗನ್ನಡ ಹೇಳುವವರಿಗೆ ವರ್ಗಮೂಲ ಯಾಕೆ ಅಂತ ಮನೆಯಾಕೆ ಕೇಳಿದಳು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಕ್ಲಾಸಿನ ಮೇಷ್ಟ್ರು ಶೇಷಗಿರಿ, ಬೇಸಿಗೆ ರಜಕ್ಕೊಂದು ಕೆಲಸ ಕೊಟ್ಟರು. ಬಿನ್ನಿಪೇಟೆಯಲ್ಲಿ ಶಿಶುವಿಹಾರ ತೆರೆಯಬೇಕೋ ಬೇಡವೋ ಎಂದು ಒಂದು ಕಮಿಟಿ ಯೋಚಿಸುತ್ತಿದೆ. ಅಲ್ಲಿನ ಸಾಲುಮನೆಗಳಲ್ಲಿ ಪ್ರತಿ ಹತ್ತನೇ ಮನೆಗೆ ಹೋಗಿ ಕೇಳಬೇಕು: ಮಕ್ಕಳೆಷ್ಟು? ಹಗಲು ನೋಡಿಕೊಳ್ಳುವವರು ಯಾರು? ಶಿಶುವಿಹಾರ ಬೇಕೆ?

ರಾಜಾಜಿನಗರದಿಂದ ಬಿಸಿಲಲ್ಲಿ ಸೈಕಲ್ ತುಳಿದು ಹೋದೆ. ಮೊದಲ ಹತ್ತನೇ ಮನೆಗೇ ಬೀಗ. ಪಕ್ಕದ ಜಗಲಿಯಲ್ಲಿ ಅಜ್ಜಿಯೊಬ್ಬರು ಮೊಮ್ಮಗಳ ತಲೆ ಬಾಚುತ್ತಿದ್ದರು. “ಹಗಲೊತ್ತು ಅಲ್ಲಿ ಯಾರೂ ಸಿಗಕ್ಕಿಲ್ಲ ಸ್ವಾಮಿ,” ಅಂದರು.

ಸಿಗದಿದ್ದರೇನು, ಅಜ್ಜಿ ಇದ್ದಾರಲ್ಲ? ಅವರನ್ನೇ ಕೇಳಿದೆ. “ಶಿಶುವಿಹಾರ ಯಾಕೆ? ನಾನಿಲ್ವಾ?” ಅಂದರು. ಬರೆದುಕೊಂಡೆ. ಬೀಗ ಕಂಡಲ್ಲೆಲ್ಲ ಪಕ್ಕದ ಮನೆ ಹಿಡಿದೆ. ಒಂದೇ ಗೋಡೆ, ಒಂದೇ ನಲ್ಲಿ, ಉತ್ತರ ಎಷ್ಟು ಬೇರೆಯಾದೀತು? ಒಂದೇ ದಿನಕ್ಕೆ ಕೆಲಸ ಮುಗಿಯಿತು. ಹೆಚ್ಚಿನವರು ಬೇಡ ಅಂದಿದ್ದರು.

ಶೇಷಗಿರಿ ಮನೆ ನಂಬರು ನೋಡಿಯೇ ಹಿಡಿದರು. “ಬೀಗದ ಮನೆಗಳೆಲ್ಲಿ ಸಾರ್?” (ನನ್ನ ವಯಸ್ಸಿಗೆ ಮರ್ಯಾದೆ ಕೊಡುತ್ತಾರೆ, ನನ್ನ ಲೆಕ್ಕಕ್ಕಲ್ಲ.)

“ಪಕ್ಕದವರನ್ನ ಕೇಳಿದೆ.”

“ಅಂದ್ರೆ ಮನೇಲಿ ಸಿಗೋರನ್ನ ಮಾತ್ರ ಕೇಳಿದೀರಿ. ಇದು ಸುಳ್ಳು. ವಾಪಸ್ ಹೋಗಿ. ಸಿಗೋವರೆಗೂ ಹೋಗಿ.”

ಅಜ್ಜಿಯ ಪಕ್ಕದ ಆ ಮೊದಲ ಮನೆಗೇ ಹೋದೆ. ಬೀಗ. ಮಾರನೇ ದಿನ ಕಾಫಿ ಕುಡಿಯದೆ ಬೆಳಿಗ್ಗೆಯೇ ಹೋದೆ. ಆಗಲೂ ಬೀಗ. ಮೂರನೇ ದಿನ ಮಾಗಡಿ ರೋಡಿನಲ್ಲಿ ಸೈಕಲ್ ಪಂಕ್ಚರ್, ತಳ್ಳಿಕೊಂಡು ಹೋದರೆ ಮತ್ತೆ ಬೀಗ. ನಾಲ್ಕನೇ ದಿನ ಮೇಷ್ಟ್ರನ್ನು ಬೈದುಕೊಂಡು ಬಾಗಿಲು ಗುದ್ದಿದೆ. (ಬೀಗ ಹಾಕಿದ ಬಾಗಿಲನ್ನು ಯಾರಾದರೂ ಗುದ್ದುತ್ತಾರಾ? ಸಿಟ್ಟು ಬಂದವರು ಗುದ್ದುತ್ತಾರೆ.)

ಒಳಗಿಂದ ಸಣ್ಣ ದನಿ ಬಂತು. “ಅಮ್ಮಾ, ಬಂದ್ಯಾ?”

ಕಿಟಕಿಯ ಸಂದಿಯಲ್ಲಿ ಬಗ್ಗಿ ನೋಡಿದೆ. ನಾಲ್ಕು ವರ್ಷದ ಹೆಣ್ಣುಮಗು, ಕೈಯಲ್ಲೊಂದು ಖಾಲಿ ಲೋಟ. ಬಂದದ್ದು ಅಮ್ಮನಲ್ಲ ಎಂದು ಗೊತ್ತಾದ ಕೂಡಲೇ ಹೋಗಿ ಮೂಲೆಯಲ್ಲಿ ಕೂತಿತು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅಜ್ಜಿಯ ಕಡೆ ತಿರುಗಿದೆ. “ಹೊರಗಿನೋರಿಗೆ ಹೇಳ್ಬ್ಯಾಡ ಅಂದವ್ಳೆ ಸ್ವಾಮಿ,” ಅಂದರು ನೆಲ ನೋಡುತ್ತಾ. “ಕಿಟಕೀಲಿ ನೀರು ಕೊಡ್ತೀನಿ. ನನ್ ಕೈಲಾಗೋದು ಅಷ್ಟೇಯ.”

ಜಗಲಿಯಲ್ಲೇ ಕಾದೆ, ಸಂಜೆ ಐದೂವರೆಗೆ ತಾಯಿ ಸಾಕಮ್ಮ ಬಂದರು. ಊದುಬತ್ತಿ ಹೊಸೆಯುವ ಕೆಲಸ, ಕೈಯೆಲ್ಲ ಕಪ್ಪು. ನನ್ನ ಫಾರಂ ನೋಡಿ ಹೆದರಿದರು.

“ಬಯ್ಯಕ್ಕೆ ಬಂದ್ರಾ?”

“ಇಲ್ಲಮ್ಮ, ಕೇಳೋದಕ್ಕೆ ಬಂದೆ.”

“ಅವರಪ್ಪನೂ ಕೆಲಸಕ್ಕೋಗ್ತಾರೆ. ಬಾಗ್ಲು ತೆಗ್ದಿಟ್ರೆ ರಸ್ತೆಗೆ ಓಡ್ತಾಳೆ. ಹೋದ್ವರ್ಷ ಜಟಕಾ ಕೆಳಗೆ ಬೀಳ್ತಿದ್ಲು. ಏನ್ ಮಾಡ್ಲಿ, ನೀವೇ ಹೇಳಿ.”

ಶಿಶುವಿಹಾರ ಬೇಕೆ ಅಂತ ಕೇಳಲೂ ನಾಚಿಕೆಯಾಯಿತು. ಆದರೂ ಕೇಳಿದೆ.

“ನಾಳೇನೇ ತೆಗೀತಾರಾ?” ಅಂದರು.

ಆಮೇಲೆ ಎರಡು ವಾರ ಬೀಗದ ಮನೆಗಳನ್ನೆಲ್ಲ ಹಿಡಿದು ಕೇಳಿದೆ. ಕೆಲವು ಕಡೆ ಮಕ್ಕಳೇ ಇರಲಿಲ್ಲ. ಉಳಿದ ಕಡೆಯೆಲ್ಲ ಒಂದಿಲ್ಲೊಂದು ರೀತಿ ಸಾಕಮ್ಮನ ಕಥೆಯೇ. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಜನ ಇದ್ದವರು ನನಗೆ ಮೊದಲ ದಿನವೇ ಸಿಕ್ಕಿದ್ದರು, ಶಿಶುವಿಹಾರ ಬೇಡ ಅಂದಿದ್ದರು. ಯಾರೂ ಇಲ್ಲದವರು ಸಿಕ್ಕಿರಲಿಲ್ಲ. ಇಷ್ಟು ಅರ್ಥವಾಗಲು ನನ್ನ ಸೈಕಲ್ ಪಂಕ್ಚರ್ ಆಗಬೇಕಾಯಿತು. ಆ ಮೊದಲ ಲೆಕ್ಕಕ್ಕೆ ನಾನು ಸಹಿ ಬೇರೆ ಹಾಕಿದ್ದೆ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೊನ್ನೆ ಕಮಿಟಿಯ ಮುಂದೆ ನಾನೂ ಮೇಷ್ಟ್ರೂ ಎರಡೂ ಲೆಕ್ಕಗಳನ್ನು ಓದಿದೆವು. ಅಧ್ಯಕ್ಷರು ತಲೆದೂಗಿದರು. “ಚೆನ್ನಾಗಿದೆ. ಆದ್ರೆ ಮೊದಲು ಬೇಡ ಅಂದ್ರಂತೆ, ಈಗ ಬೇಕು ಅಂತಿದೀರಿ. ಗೊಂದಲ ಆಯ್ತಲ್ಲ. ಇನ್ನೊಂದು ಸರ್ವೆ ಆಗ್ಲಿ.”

“ಮೊದಲನೇದು ತಪ್ಪು ಅಂತ್ಲೇ ಎರಡನೇದು ಮಾಡಿದ್ದು ಸಾರ್,” ಅಂದರು ಶೇಷಗಿರಿ. ಅಷ್ಟರಲ್ಲಿ ಕಮಿಟಿ ಕಾಫಿಗೆ ಎದ್ದಿತ್ತು.

ಇನ್ನೊಂದು ಸರ್ವೆ ಮುಗಿಯುವ ತನಕ ಸಾಕಮ್ಮನ ಮಗಳನ್ನು ಹಗಲು ನೋಡಿಕೊಳ್ಳುವವರು ಯಾರು, ಅಧ್ಯಕ್ಷರೇ?